ಸ್ಟುಟ್‌ಗಾರ್ಟ್‌ನಲ್ಲಿ ಎಡ, ಸಾಗರದಲ್ಲಿ ಬಲ

“ಮಾಮ, ನೀವು ಇಲ್ಲಿ ಎಡ, ಊರಲ್ಲಿ ಬಲ. ಅದು ಹೇಗೆ?”

ನಮ್ಮ ಗೆಳೆಯನೊಬ್ಬನ ರಾಜಕೀಯದ ಬಗ್ಗೆ ಮಗಳು ಕೇಳಿದ್ದು ಇಷ್ಟೇ. ಜಗಳ ತೆಗೆಯುವ ದನಿ ಇರಲಿಲ್ಲ, ತಿಳಿದುಕೊಳ್ಳಬೇಕು ಅನ್ನುವ ಹಾಗೇ ಕೇಳಿದಳು. ಆದರೂ ಜರ್ಮನಿಯ ಸ್ಟುಟ್‌ಗಾರ್ಟ್‌ನ ನಮ್ಮ ಹಾಲ್‌ನಲ್ಲಿ ಕೂತಿದ್ದ ನಾಲ್ಕೈದು ಕನ್ನಡದ ಮನೆಯವರಲ್ಲಿ ಒಬ್ಬರಿಗೂ ತಟ್ಟನೆ ಉತ್ತರ ಹೊಳೆಯಲಿಲ್ಲ. ನನಗಂತೂ ಆ ಮಾತು ನಾಟಿತು.

ಅವತ್ತು 2024ರ ಜೂನ್ 9, ಭಾನುವಾರ. ಇಲ್ಲಿಯ ಮಧ್ಯಾಹ್ನ ಮೂರೂಮುಕ್ಕಾಲಿಗೆ ದೆಹಲಿಯ ರಾಷ್ಟ್ರಪತಿ ಭವನದಲ್ಲಿ ಹೊಸ ಸರ್ಕಾರದ ಪ್ರಮಾಣವಚನ, ಅದರ ಹಿಂದೆಯೇ ನ್ಯೂಯಾರ್ಕ್‌ನಲ್ಲಿ ಭಾರತ-ಪಾಕಿಸ್ತಾನ ಟಿ20 ವಿಶ್ವಕಪ್ ಪಂದ್ಯ, ಆರು ಗಂಟೆಗೆ ಯುರೋಪಿಯನ್ ಪಾರ್ಲಿಮೆಂಟಿನ ಚುನಾವಣೆ ಮುಗಿದು ಜರ್ಮನಿಯ ಅಂದಾಜು ಫಲಿತಾಂಶ. ಮೂರನ್ನೂ ಒಟ್ಟಿಗೆ ನೋಡೋಣವೆಂದು ಎಲ್ಲರನ್ನೂ ಮನೆಗೆ ಕರೆದಿದ್ದೆವು.

ಮಗಳಿಗೆ ಅದು ಮೊದಲ ಮತದಾನದ ದಿನವೂ ಹೌದು. ಯುರೋಪಿಯನ್ ಚುನಾವಣೆಯಲ್ಲಿ ಮತ ಹಾಕುವ ವಯಸ್ಸನ್ನು ಜರ್ಮನಿ ಈ ಸಲ 16ಕ್ಕೆ ಇಳಿಸಿದೆ. ಅವಳೂ ನಮ್ಮವರೂ ಜರ್ಮನ್ ಪ್ರಜೆಗಳು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿರುವವಳು ನಾನೊಬ್ಬಳೇ. ಬೆಳಿಗ್ಗೆ ಬೀದಿಯ ತುದಿಯ ಪ್ರಾಥಮಿಕ ಶಾಲೆಗೆ ಅವರಿಬ್ಬರ ಜೊತೆ ನಾನೂ ಹೋಗಿ ಬಾಗಿಲ ಬಳಿ ನಿಂತು ನೋಡಿದೆ. ಸೀರೆಯ ಸೆರಗಿನಷ್ಟು ಉದ್ದದ ಮತಪತ್ರ. ಮೂವತ್ತಕ್ಕೂ ಹೆಚ್ಚು ಪಕ್ಷಗಳು, ಒಂದೊಂದರ ಕೆಳಗೂ ಸಾಲು ಸಾಲು ಹೆಸರು. ನಮ್ಮ ಕಡೆಯ ಹಾಗೆ ಕೈ, ಕಮಲ, ತೆನೆ ಹೊತ್ತ ಮಹಿಳೆ ಎಂಬ ಚಿಹ್ನೆಗಳೇ ಇಲ್ಲ. ಓದಲು ಬಾರದವರಿಗೆ ಏನು ದಾರಿ ಅನ್ನಿಸಿತು. ಮಗಳು ಮರೆಯಿಂದ ಹೊರಬಂದು, ಆ ಉದ್ದನೆಯ ಕಾಗದವನ್ನು ಮತ್ತೊಮ್ಮೆ ಮಡಚಿ, ಪೆಟ್ಟಿಗೆಗೆ ಹಾಕಿದಳು. ಬೆರಳಿಗೆ ಮೈಸೂರಿನ ಶಾಯಿ ಇಲ್ಲ ಅನ್ನುವುದು ಅವಳಿಗೆ ಸ್ವಲ್ಪ ಬೇಸರದ ಸಂಗತಿ. ಅಜ್ಜಿ ತಾತ ಮೇ 7ರಂದು ಮತ ಹಾಕಿ ಬೆರಳು ತೋರಿಸಿದ ಫೋಟೊ ಅವಳ ಫೋನಿನಲ್ಲಿದೆ.

ಅದೇ ದಿನ ನಗರಸಭೆಯ ಚುನಾವಣೆಯೂ ಇತ್ತು. ಸ್ಟುಟ್‌ಗಾರ್ಟ್ ನಗರಸಭೆಗೆ 60 ಸದಸ್ಯರು, ಹಾಗಾಗಿ ಒಬ್ಬೊಬ್ಬ ಮತದಾರರಿಗೂ 60 ಮತ! ಒಬ್ಬ ಅಭ್ಯರ್ಥಿಗೆ ಮೂರರವರೆಗೂ ಕೊಡಬಹುದು, ಯಾವ ಪಕ್ಷದ ಪಟ್ಟಿಯಿಂದ ಬೇಕಾದರೂ ಹೆಕ್ಕಿಕೊಳ್ಳಬಹುದು. ಆ ಕಾಗದಗಳು ಮೊದಲೇ ಅಂಚೆಯಲ್ಲಿ ಬಂದು ನಮ್ಮ ಊಟದ ಮೇಜನ್ನು ಆಕ್ರಮಿಸಿದ್ದವು. ಸೈಕಲ್ ದಾರಿ ಯಾರು ಕೇಳುತ್ತಿದ್ದಾರೆ, ಈಜುಕೊಳ ಮುಚ್ಚಬಾರದು ಎಂದವರು ಯಾರು ಎಂದು ಅವಳು ಒಬ್ಬೊಬ್ಬರನ್ನೇ ಹುಡುಕಿ ಗುರುತು ಹಾಕುತ್ತಿದ್ದಳು. ಪಕ್ಷದ ಹೆಸರನ್ನು ಕೊನೆಗೆ ನೋಡುತ್ತಿದ್ದಳು. ಈ ಅಭ್ಯಾಸ ಎಲ್ಲಿಂದ ಬಂತೋ, ನನಗೆ ಹೆಮ್ಮೆಯೆನಿಸಿತು.

ಇನ್ನು ಸಂಜೆಯ ಮಾತು. ನಮ್ಮ ಗೆಳೆಯನನ್ನು ಮಗಳು ಚಿಕ್ಕಂದಿನಿಂದ ಮಾಮ ಎಂದೇ ಕರೆಯುವುದು. ನಾವು ಈ ಊರಿಗೆ ಬಂದ ಹೊಸತರಲ್ಲಿ ಹಾಸಿಗೆ ಹೊದಿಕೆ ತಂದುಕೊಟ್ಟವನು, ನಮ್ಮವರು ಊರಲ್ಲಿಲ್ಲದಾಗ ಜ್ವರ ಬಂದ ಮಗಳನ್ನು ರಾತ್ರೋರಾತ್ರಿ ಆಸ್ಪತ್ರೆಗೆ ಕರೆದೊಯ್ದವನು. ಪ್ರಮಾಣವಚನ ನೋಡುತ್ತ ಅವನು ಸಂತೋಷದಿಂದ ಹೇಳಿದ: “ಅಲ್ಲಿ ಬಹುಸಂಖ್ಯಾತರ ಮಾತೇ ನಡೀಬೇಕು. ನಮ್ಮ ದೇಶಕ್ಕೆ ಬಲಪಂಥವೇ ಸರಿ.” ಆರು ಗಂಟೆಗೆ ಜರ್ಮನ್ ಟಿವಿ ಹಾಕಿದೆವು. ವಲಸೆಯನ್ನು ವಿರೋಧಿಸುವ ಬಲಪಂಥದ ಪಕ್ಷ ಎಎಫ್‌ಡಿ ಎರಡನೇ ಸ್ಥಾನಕ್ಕೆ ಏರಿತ್ತು (ಕೊನೆಗೆ ಶೇ 15.9). ಅವನ ಮುಖ ಇಳಿದುಹೋಯಿತು. “ಈ ಬಲಪಂಥದವರು ಬಂದರೆ ನಮ್ಮ ಮಕ್ಕಳ ಗತಿ ಏನು?” ಅಂದ. ಅದು ಸುಳ್ಳು ಭಯವಲ್ಲ. ವಲಸೆ ಬಂದವರನ್ನು, ಇಲ್ಲಿಯ ಪೌರತ್ವ ಪಡೆದವರನ್ನೂ ಸೇರಿಸಿ, ಹೊರಗೆ ಕಳಿಸುವ ಬಗ್ಗೆ ಪಾಟ್ಸ್‌ಡ್ಯಾಮ್‌ನಲ್ಲಿ ನಡೆದ ಮಾತುಕತೆಯಲ್ಲಿ ಆ ಪಕ್ಷದವರೂ ಇದ್ದರೆಂದು ಜನವರಿಯಲ್ಲಿ ಸುದ್ದಿಯಾದಾಗ ದೇಶದುದ್ದಕ್ಕೂ ಲಕ್ಷಗಟ್ಟಲೆ ಜನ ಬೀದಿಗಿಳಿದಿದ್ದರು. ಮಗಳೂ ಮಾಮನೂ ಒಂದೇ ಮೆರವಣಿಗೆಯಲ್ಲಿ ನಡೆದಿದ್ದರು.

ಅದಕ್ಕೇ ಅವಳು ಕೇಳಿದ್ದು. ಯಾರೂ ಉತ್ತರಿಸದೆ ಹೋದಾಗ ಇನ್ನೊಂದು ಮಾತು ಸೇರಿಸಿದಳು: “ಇಲ್ಲಿ ನಾವು ಕಮ್ಮಿ ಜನ, ಅಲ್ಲಿ ಜಾಸ್ತಿ ಜನ. ಅದಕ್ಕಾ?”

“ಅದು ಬೇರೆ, ಇದು ಬೇರೆ ಪುಟ್ಟಿ. ಅಲ್ಲಿಯ ಲೆಕ್ಕ ನಿನಗೆ ಗೊತ್ತಿಲ್ಲ” ಅಂದ ಅವನು, ತುಸು ತಡೆದು.

ಅವನ ಮಾತಿನಲ್ಲೂ ಸತ್ಯವಿದೆ. ಈ ಹಣೆಪಟ್ಟಿಗಳು ಗಡಿ ದಾಟಿದ ಕೂಡಲೇ ಬಣ್ಣ ಬದಲಿಸುತ್ತವೆ. ಇಲ್ಲಿ ಸೋಷಿಯಲ್ ಡೆಮಾಕ್ರಟ್ ಎಂದರೆ ಕಾರ್ಮಿಕ ಸಂಘಗಳ ಜೊತೆ ಬೆಳೆದ ಎಸ್‌ಪಿಡಿ. ಪೋರ್ಚುಗಲ್‌ನಲ್ಲಿ ಅದೇ ಹೆಸರಿನ ಪಕ್ಷ ನಡುಬಲದ್ದು, ಯುರೋಪಿಯನ್ ಪಾರ್ಲಿಮೆಂಟಿನಲ್ಲಿ ಕೂರುವುದು ಜರ್ಮನಿಯ ಕ್ರಿಶ್ಚಿಯನ್ ಡೆಮಾಕ್ರಟ್‌ರ ಗುಂಪಿನಲ್ಲಿ. ಡೆನ್ಮಾರ್ಕ್‌ನ ಒಂದು ಬಲಪಕ್ಷದ ಹೆಸರೇ ವೆನ್‌ಸ್ಟ್ರ, ಅಂದರೆ ಎಡ! ಅಮೆರಿಕದಲ್ಲಿ ಲಿಬರಲ್ ಅಂದರೆ ಎಡದವರೆಂದು ಎಣಿಸುತ್ತಾರೆ, ಜರ್ಮನಿಯ ಲಿಬರಲ್ ಪಕ್ಷ ತೆರಿಗೆ ಇಳಿಸಿ ಎಂದು ಉದ್ಯಮಿಗಳ ಪರ ನಿಲ್ಲುತ್ತದೆ. ಪೋಲೆಂಡಿನ ಬಲಪಂಥೀಯ ಸರ್ಕಾರ 2016ರಲ್ಲಿ ಮಕ್ಕಳಿಗೆ ತಿಂಗಳಿಗೆ 500 ಝ್ಲೋಟಿ ಭತ್ಯೆ ತಂದಿತು, ನಮ್ಮಲ್ಲಿ ಬಲಪಂಥದ್ದು ಎನ್ನುವ ಕೇಂದ್ರ ಸರ್ಕಾರ 80 ಕೋಟಿ ಜನಕ್ಕೆ ಉಚಿತ ಪಡಿತರ ಕೊಡುತ್ತಿದೆ. ಹಣದ ವಿಷಯದಲ್ಲಿ ಇವರನ್ನು ಯಾವ ಕಡೆ ಕೂರಿಸುವುದು? ಮೇ ತಿಂಗಳಲ್ಲಿ ಫ್ರಾನ್ಸಿನ ಮರೀನ್ ಲೆ ಪೆನ್ ಅವರ ಬಲಪಂಥದ ಪಕ್ಷವೇ ಎಎಫ್‌ಡಿಯೊಡನೆ ಕೂರಲಾರೆವು ಎಂದಿತು, ಯುರೋಪಿಯನ್ ಪಾರ್ಲಿಮೆಂಟಿನಲ್ಲಿ ಇಬ್ಬರೂ ಇದ್ದ ಗುಂಪು ಎಎಫ್‌ಡಿಯನ್ನು ಹೊರಹಾಕಿತು. ತರಗತಿಯವರೊಂದಿಗೆ ಆ ಪಾರ್ಲಿಮೆಂಟು ಸೇರುವ ಸ್ಟ್ರಾಸ್‌ಬರ್ಗ್‌ಗೆ ಹೋಗಿದ್ದ ಮಗಳು, ಅಲ್ಲಿ ಸಂಸದರು ದೇಶದ ಪ್ರಕಾರ ಕೂರುವುದಿಲ್ಲ, ರಾಜಕೀಯ ಗುಂಪಿನ ಪ್ರಕಾರ ಕೂರುತ್ತಾರೆ ಎಂದು ಬೆರಗಿನಿಂದ ಹೇಳಿದ್ದಳು.

ಅಷ್ಟು ದೂರ ಯಾಕೆ, ಸ್ಟುಟ್‌ಗಾರ್ಟ್ ಇರುವ ನಮ್ಮ ರಾಜ್ಯವನ್ನೇ ನೋಡಿ. ಬಾಡೆನ್-ವ್ಯೂರ್ಟೆಂಬರ್ಗ್‌ನ ಆಗಿನ ಮುಖ್ಯಮಂತ್ರಿ ವಿನ್‌ಫ್ರೀಡ್ ಕ್ರೆಚ್‌ಮನ್ ಎಡಕ್ಕೆ ವಾಲುವ, ಪರಿಸರವಾದಿ ಗ್ರೀನ್ ಪಕ್ಷದವರು, ಚರ್ಚಿಗೆ ನಡೆದುಕೊಳ್ಳುವ ಕ್ಯಾಥೊಲಿಕ್ಕರು, ಕಾರು ಕಾರ್ಖಾನೆಗಳ ಈ ನಾಡನ್ನು 2011ರಿಂದ ಆಳುತ್ತಿದ್ದರು, ಅದೂ 2016ರಿಂದ ಕ್ರಿಶ್ಚಿಯನ್ ಡೆಮಾಕ್ರಟ್‌ರ ನಡುಬಲದ ಪಕ್ಷ ಸಿಡಿಯು ಜೊತೆಗೂಡಿ. ನಮ್ಮ ಕೆಳಗಿನ ಮನೆಯ ಅಜ್ಜಿ ಬದುಕಿಡೀ ಸಿಡಿಯುಗೆ ಮತ ಹಾಕಿ ಆಮೇಲೆ ಕ್ರೆಚ್‌ಮನ್ ಅವರಿಗೆ ಹಾಕತೊಡಗಿದರು. ತಾವು ಬದಲಾಗಿದ್ದೇವೆ ಅನ್ನುವುದನ್ನು ಅವರು ಒಪ್ಪುವುದೇ ಇಲ್ಲ. ಇತ್ತ ಅದೇ ಭಾನುವಾರ, ಹೆಸರಿನಲ್ಲೇ ಜಾತ್ಯತೀತ ಎಂದಿರುವ ಪಕ್ಷದ ಎಚ್.ಡಿ. ಕುಮಾರಸ್ವಾಮಿಯವರು ಬಿಜೆಪಿ ನೇತೃತ್ವದ ಸಂಪುಟದಲ್ಲಿ ಪ್ರಮಾಣವಚನ ತೆಗೆದುಕೊಂಡರು.

ಇಷ್ಟೆಲ್ಲ ಸರಿ. ಆದರೆ ಮಗಳು ಪಕ್ಷದ ಹೆಸರು ಕೇಳಿರಲಿಲ್ಲ. ಕಡಿಮೆ ಇರುವವರ ಜೊತೆ ಹೆಚ್ಚು ಇರುವವರು ಹೇಗಿರಬೇಕು ಎಂಬುದಕ್ಕೆ ನಮ್ಮಲ್ಲಿ ಎರಡು ಅಳತೆ ಯಾಕೆ ಎಂದು ಕೇಳಿದ್ದಳು. ಇದು ಅವನೊಬ್ಬನ ಮಾತಲ್ಲ. ದೀಪಾವಳಿಗೆ, ರಾಜ್ಯೋತ್ಸವಕ್ಕೆ ಸೇರುವ ಹಾಲ್‌ಗಳಲ್ಲಿ ನಾನಿದನ್ನು ಮತ್ತೆ ಮತ್ತೆ ಕೇಳಿದ್ದೇನೆ. ಮಗುವಿಗೆ ಶಾಲೆಯಲ್ಲಿ ಮಾಂಸವಿಲ್ಲದ ಊಟ ಸಿಗಬೇಕು, ಬಣ್ಣ ನೋಡಿ ಬಾಡಿಗೆ ಮನೆ ನಿರಾಕರಿಸಬಾರದು, ನಮ್ಮ ಹಬ್ಬಕ್ಕೆ ಪುರಭವನ ಕೊಡಬೇಕು ಎಂದು ಇಲ್ಲಿ ಕೇಳುವವರೇ, ಬೆಂಗಳೂರಿನ ತಮ್ಮ ಫ್ಲ್ಯಾಟನ್ನು ಯಾರಿಗೆ ಕೊಡಬಾರದೆಂದು ದಲ್ಲಾಳಿಗೆ ಫೋನಿನಲ್ಲೇ ಹೇಳುತ್ತಾರೆ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ. ಇವರು ನನ್ನವರು, ಕಷ್ಟಕ್ಕೆ ಆಗುವವರು.

ಎರಡು ಅಳತೆ ಅಂದ ಕೂಡಲೇ ನನಗೆ ನೆನಪಾಗುವುದು ನನ್ನ ಅಜ್ಜ. ಸಾಗರ ತಾಲ್ಲೂಕಿನ ಗೇಣಿದಾರ. ಗೇಣಿದಾರರು ನಡೆಸಿದ 1951ರ ಕಾಗೋಡು ಸತ್ಯಾಗ್ರಹದ ಮಾತೆತ್ತಿದರೆ ಅವನು ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನವಾದದ್ದನ್ನೂ ಶಾಂತವೇರಿ ಗೋಪಾಲಗೌಡರ ಭಾಷಣವನ್ನೂ ಆಮೇಲೆ ಹೇಳುತ್ತಿದ್ದ. ಮೊದಲು ಹೇಳುತ್ತಿದ್ದುದು ಕೊಳಗದ ಕತೆ. ಗೇಣಿ ಭತ್ತ ಅಳೆದುಕೊಳ್ಳುವಾಗ ಒಡೆಯರ ಕೊಳಗ ದೊಡ್ಡದು, ಮಳೆಗಾಲದಲ್ಲಿ ನಮಗೆ ಸಾಲ ಕೊಡುವಾಗ ಕೊಳಗ ಸಣ್ಣದು. “ಒಂದೇ ಕೊಳಗ ಇಡಿ ಅಂದ್ವಿ, ಅಷ್ಟೇ” ಎನ್ನುತ್ತಿದ್ದ. ಹೇಳುವಾಗ ಎರಡೂ ಕೈಯನ್ನು ಬಟ್ಟಲಿನಂತೆ ಮಾಡಿ ಮೊದಲು ಅಗಲಿಸಿ, ಆಮೇಲೆ ಹತ್ತಿರ ತಂದು ತೋರಿಸುತ್ತಿದ್ದ. ಊರಿನವರು ಅವನನ್ನು ಸಮಾಜವಾದಿ ಎನ್ನುತ್ತಿದ್ದರು. ಉಳುವವನೇ ಹೊಲದೊಡೆಯ ಎಂಬ ಆ ಕೂಗು ಕೈಗೂಡಿದ್ದು 1974ರಲ್ಲಿ, ಕಾಂಗ್ರೆಸ್ಸಿನ ದೇವರಾಜ ಅರಸರ ಕಾಲದಲ್ಲಿ. ಅಜ್ಜ ಫಾರಂ ನಂ. 7 ತುಂಬಿಸಿ ಕೊಟ್ಟ, ಜಮೀನು ಅವನ ಹೆಸರಿಗಾಯಿತು. ಆಮೇಲೆ ಅರಸರಿಗೇ ಮತ ಹಾಕಿದ. ಪಕ್ಷ ಬದಲಿಸಿದೆಯಾ ಎಂದು ಯಾರಾದರೂ ಚುಚ್ಚಿದರೆ ಅವನಿಗೆ ಆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ.

ಮಗಳಿಗೆ ಈ ಕತೆ ಅವತ್ತು ರಾತ್ರಿ ಪಾತ್ರೆ ತೊಳೆಯುತ್ತ ಹೇಳಿದೆ. ಒರೆಸುವ ಬಟ್ಟೆ ಹೆಗಲಿಗೆ ಹಾಕಿಕೊಂಡು ಕೇಳಿ, “ಇದನ್ನ ಮಾಮನಿಗೂ ಹೇಳು” ಅಂದಳು. ನಾಲ್ಕು ಜನರೆದುರು ಕೇಳಿ ಅವನನ್ನು ನೋಯಿಸಿದೆನೇನೋ ಎಂಬ ಅಳುಕು ಅವಳಿಗಿತ್ತು.

ನನಗಿನ್ನೂ ಎಲ್ಲಿಯೂ ಮತವಿಲ್ಲ. ಊರಿನ ಪಟ್ಟಿಯಲ್ಲಿ ಹೊರನಾಡಿನ ಮತದಾರಳೆಂದು ಹೆಸರಿದೆ, ಆದರೆ ಖುದ್ದು ಮತಗಟ್ಟೆಗೆ ಹೋಗಬೇಕು. ಮೇ ತಿಂಗಳಲ್ಲಿ ರಜೆ ಸಿಗಲಿಲ್ಲ. 2024ರ ಜೂನ್ 27ರಿಂದ ಜರ್ಮನಿಯ ಹೊಸ ಪೌರತ್ವ ಕಾನೂನು ಬಂದಿದೆ, ಹಳೆಯ ಪೌರತ್ವ ಬಿಡಿ ಎಂದು ಇವರು ಕೇಳುವುದಿಲ್ಲ. ಭಾರತ ಮಾತ್ರ ಎರಡು ಪೌರತ್ವ ಒಪ್ಪುವುದಿಲ್ಲ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡಿನವರಿಗೆ ಅಲ್ಲಿ ಮತವೂ ಇಲ್ಲ. ಅರ್ಜಿ ಮೇಜಿನ ಮೇಲಿದೆ. ಹಾಕುತ್ತೇನೆ. ಬದುಕುವ ಊರಿನ ಈಜುಕೊಳದ ಬಗ್ಗೆಯಾದರೂ ನನಗೊಂದು ಮಾತಿರಲಿ.

ಮಾಮ ಕೋಪ ಮಾಡಿಕೊಂಡಿಲ್ಲ, ಅದೇ ನನಗೆ ದೊಡ್ಡ ಸಮಾಧಾನ. ವಾರ ಬಿಟ್ಟು ಮಗಳಿಗೆ ವಾಟ್ಸಾಪ್ ಮಾಡಿದ: “ಬೆಂಗಳೂರಲ್ಲಿ ಕನ್ನಡ ಕಡ್ಡಾಯ ಮಾಡಿ ಅಂತ ನಾನು ಕೇಳಿದರೆ ಎಡವೋ ಬಲವೋ ಹೇಳು ನೋಡೋಣ.” ಅವಳು ಎರಡು ದಿನ ತೆಗೆದುಕೊಂಡು ಬರೆದಳು: ಸ್ಪೇನಿನಲ್ಲಿ ಕ್ಯಾಟಲನ್ ಭಾಷೆಗಾಗಿ ಹೋರಾಡುವ ಇಆರ್‌ಸಿ ಪಕ್ಷ ಯುರೋಪಿಯನ್ ಪಾರ್ಲಿಮೆಂಟಿನಲ್ಲಿ ಗ್ರೀನ್‌ರ ಜೊತೆ ಕೂರುತ್ತದೆ, ಬೆಲ್ಜಿಯಂನಲ್ಲಿ ಫ್ಲೆಮಿಶ್ ನಾಡಿಗಾಗಿ ಹೋರಾಡುವ ಎನ್-ವಿಎ ಪಕ್ಷ ಇಟಲಿಯ ಮೆಲೋನಿ ಅವರ ಬಲಪಂಥದ ಪಕ್ಷದ ಜೊತೆ ಕೂರುತ್ತದೆ, ನೀವು ಯಾರ ಪಕ್ಕ ಕೂರುತ್ತೀರಿ ಮಾಮ? ಅದಕ್ಕವನು, ಕನ್ನಡ ಬಾರದವರಿಗೆ ನಾನೇ ಭಾನುವಾರ ಉಚಿತವಾಗಿ ಕಲಿಸುತ್ತೇನೆ, ಈಗ ಹೇಳು, ಎಂದು ಮರುಸವಾಲು ಹಾಕಿದ್ದಾನೆ. ಮುಂದಿನ ಶನಿವಾರ ಊಟಕ್ಕೆ ಬರುತ್ತಾನಂತೆ. ಅಜ್ಜನ ಕೊಳಗದ ಕತೆಯನ್ನು ನನ್ನಿಂದಲೇ ಕೇಳಬೇಕಂತೆ.