ಅಷ್ಟು ದೊಡ್ಡ ಯಂತ್ರದ ಕಣ್ಣು ತಪ್ಪಿಸಿ ಒಂದು ಕಣ ಉಳಿಯಬಹುದೇ?

ಕಣ ಭೌತವಿಜ್ಞಾನದ ಬಗ್ಗೆ ನಾನು ಬರೆಯುತ್ತೇನೆಂದು ತಿಳಿದವರು ಸಾಮಾನ್ಯವಾಗಿ ಕೇಳುವುದು ಇದನ್ನೇ: 2012ರಲ್ಲಿ ಹಿಗ್ಸ್ ಬೋಸಾನ್ ಎಂಬ ಕಣ ಸಿಕ್ಕಿದ ಮೇಲೆ, ಸರ್ನ್ ಪ್ರಯೋಗಾಲಯದಲ್ಲಿ ಪ್ರೋಟಾನ್‌ಗಳನ್ನು ಒಂದಕ್ಕೊಂದು ಡಿಕ್ಕಿ ಹೊಡೆಸುವ ಯಂತ್ರವಾದ ಲಾರ್ಜ್ ಹ್ಯಾಡ್ರಾನ್ ಕೊಲೈಡರ್‌ನಲ್ಲಿ ಹೊಸ ಮೂಲಕಣ ಯಾವುದೂ ಕಂಡಿಲ್ಲವಲ್ಲ, ಇನ್ನು ಅಲ್ಲಿ ಹುಡುಕುವುದಕ್ಕೆ ಏನಿದೆ?

ಬೇಕಾದಷ್ಟಿದೆ. ಇದುವರೆಗಿನ ಹುಡುಕಾಟದ ಬಹುಪಾಲು, ಭಾರವಾದ ಹೊಸ ಕಣ ಹುಟ್ಟಿದ ಜಾಗದಲ್ಲೇ ಒಡೆದುಹೋಗುತ್ತದೆ ಎಂಬ ಊಹೆಯ ಮೇಲೆ ನಿಂತಿತ್ತು. ಹಾಗೇ ಆಗಬೇಕೆಂದೇನೂ ಇಲ್ಲ. ನಮಗೆ ಗೊತ್ತಿರುವ, ಎಲೆಕ್ಟ್ರಾನಿನ ಭಾರವಾದ ಬಂಧುವಾದ ಮ್ಯೂಯಾನ್ 2.2 ಮೈಕ್ರೋಸೆಕೆಂಡು ಬಾಳುತ್ತದೆ. ಬಿಡಿ ನ್ಯೂಟ್ರಾನ್ ಸುಮಾರು ಕಾಲು ಗಂಟೆ. ಕಣ ಒಡೆಯುವ ಕ್ರಿಯೆಯನ್ನು, ಅಂದರೆ ಕ್ಷಯವನ್ನು, ನಡೆಸುವ ಬಲ ತೀರ ದುರ್ಬಲವಾಗಿದ್ದರೆ, ಅಥವಾ ತಾಯಿಕಣಕ್ಕೂ ಮರಿಕಣಕ್ಕೂ ದ್ರವ್ಯರಾಶಿಯಲ್ಲಿ ಹೆಚ್ಚು ಅಂತರವಿಲ್ಲದಿದ್ದರೆ, ಕಣದ ಆಯುಸ್ಸು ಹೆಚ್ಚುತ್ತದೆ. ಒಂದು ನ್ಯಾನೋಸೆಕೆಂಡಿನಲ್ಲಿ ಬೆಳಕು 30 ಸೆಂಟಿಮೀಟರ್ ಸಾಗುತ್ತದೆಯಾದ್ದರಿಂದ, ಅಷ್ಟೇ ಹೊತ್ತು ಬದುಕುವ ಕಣವೂ ಡಿಕ್ಕಿಯ ಜಾಗದಿಂದ ಬಹಳ ದೂರ ಹೋಗಿ ಒಡೆಯಬಹುದು.

ತೊಡಕಿರುವುದು ಇಲ್ಲೇ. 2018ರವರೆಗಿನ ಪ್ರಯೋಗಗಳಲ್ಲಿ ಡಿಕ್ಕಿಯ ಜಾಗದ ಸುತ್ತ ಕಟ್ಟಿರುವ ಅಟ್ಲಾಸ್ ಶೋಧಕದ ದಿನಬಳಕೆಯ ತಂತ್ರಾಂಶ, ದೂಲದ (ಪ್ರೋಟಾನ್‌ಗಳ ಹರಿವಿನ) ರೇಖೆಯಿಂದ ಸುಮಾರು 1 ಸೆಂಟಿಮೀಟರ್‌ನೊಳಗೆ ಹಾದುಹೋಗುವ ಕಣಗಳ ಜಾಡುಗಳನ್ನಷ್ಟೇ ಜೋಡಿಸುತ್ತಿತ್ತು. 30 ಸೆಂಟಿಮೀಟರ್‌ವರೆಗಿನ ಜಾಡುಗಳನ್ನು ಕಟ್ಟುವ ಕ್ರಮವಿದ್ದರೂ, ಅದು ಕಂಪ್ಯೂಟರಿಗೆ ಹೊರೆಯೆಂದು ಆಯ್ದ ದತ್ತಾಂಶಕ್ಕೆ ಮಾತ್ರ ಬಳಕೆಯಾಗುತ್ತಿತ್ತು. ಅದಕ್ಕೂ ಮೊದಲೇ ಟ್ರಿಗರ್ ಎಂಬ ಜರಡಿಯಿದೆ. ಪ್ರೋಟಾನ್ ಗುಂಪುಗಳು 25 ನ್ಯಾನೋಸೆಕೆಂಡಿಗೊಮ್ಮೆ ಎದುರಾಗುವಾಗ ಎಲ್ಲವನ್ನೂ ಉಳಿಸಿಕೊಳ್ಳಲಾಗದು. ಅಲ್ಲಿ ಕೈಬಿಟ್ಟದ್ದು ಶಾಶ್ವತವಾಗಿ ಹೋದಂತೆಯೇ. ಅಟ್ಲಾಸ್ ಮತ್ತು ಅದೇ ಕೊಲೈಡರ್‌ನ ಇನ್ನೊಂದು ದೊಡ್ಡ ಶೋಧಕವಾದ ಸಿಎಂಎಸ್ ತಂಡಗಳು 2022ರಲ್ಲಿ ಆರಂಭವಾದ ಸುತ್ತಿಗೆ ದೀರ್ಘಾಯುಷಿ ಕಣಗಳಿಗೆಂದೇ ಹೊಸ ಟ್ರಿಗರ್‌ಗಳನ್ನು ಸೇರಿಸಿದ್ದು, ನನ್ನ ದೃಷ್ಟಿಯಲ್ಲಿ, ಡಿಕ್ಕಿಯ ಶಕ್ತಿ ತುಸು ಹೆಚ್ಚಿದ್ದಕ್ಕಿಂತ ದೊಡ್ಡ ಸುದ್ದಿ.

ಹುಸಿ ಸಂಕೇತಗಳ ಕಾಟವೂ ಬೇರೆ ಬಗೆಯದು. ಸಾಧಾರಣ ಕಣವೊಂದು ಸಿಲಿಕಾನ್ ಪದರಕ್ಕೋ ದೂಲದ ಕೊಳವೆಗೋ ಬಡಿದು ಚಿಮ್ಮಿಸಿದ ಜಾಡುಗಳು, ದೂರದಲ್ಲಿ ಒಡೆದ ಹೊಸ ಕಣದಂತೆಯೇ ಕಾಣುತ್ತವೆ. ಆದ್ದರಿಂದ ಶೋಧಕದೊಳಗೆ ಎಲ್ಲೆಲ್ಲಿ ಲೋಹ, ತಂತಿ, ಆಧಾರಕಂಬಿಗಳಿವೆ ಎಂಬುದರ ಸೂಕ್ಷ್ಮ ನಕಾಶೆ ಮಾಡಿಕೊಂಡು, ಆ ಜಾಗಗಳಲ್ಲಿ ಸಿಕ್ಕಿದ ಕವಲುಗಳನ್ನು ತಳ್ಳಿಹಾಕುತ್ತಾರೆ. ಆಕಾಶದಿಂದ ಇಳಿಯುವ ವಿಶ್ವಕಿರಣದ ಮ್ಯೂಯಾನ್‌ಗಳನ್ನೂ ಬೇರ್ಪಡಿಸಬೇಕು.

ಇನ್ನೂ ಹೆಚ್ಚು ಕಾಲ ಬದುಕುವ ಹಗುರ ಕಣಗಳಿಗಾಗಿ, ಅಟ್ಲಾಸ್‌ನ ಡಿಕ್ಕಿಯ ಜಾಗದಿಂದ 480 ಮೀಟರ್ ದೂರದ ಹಳೆಯ ಸುರಂಗವೊಂದರಲ್ಲಿ ಫೇಸರ್ ಎಂಬ ಪುಟ್ಟ ಶೋಧಕವನ್ನು ಕೂರಿಸಿದ್ದಾರೆ. ನಡುವಿನ ಬಂಡೆ ಬಹುತೇಕ ಬೇರೆಲ್ಲ ಕಣಗಳನ್ನೂ ತಡೆಯುತ್ತದೆ. ಅದರ ಮೊದಲ ಫಲಿತಾಂಶಗಳಲ್ಲಿ ಡಾರ್ಕ್ ಫೋಟಾನ್ ಎಂಬ ಊಹೆಯ ಹಗುರ ಕಣದ ಸುಳಿವು ಸಿಗಲಿಲ್ಲ. ಸಿಕ್ಕಿದ್ದು ಕೊಲೈಡರ್‌ನಲ್ಲಿ ಹುಟ್ಟಿದ, ಬೇರಾವುದರ ಜೊತೆಗೂ ವರ್ತಿಸದಷ್ಟು ಅಪರೂಪಕ್ಕೆ ಮಾತ್ರ ವರ್ತಿಸುವ ನ್ಯೂಟ್ರಿನೋ ಕಣಗಳು. ಅವುಗಳನ್ನು ನೇರವಾಗಿ ಗುರುತಿಸಿದ್ದನ್ನು 2023ರಲ್ಲಿ ಪ್ರಕಟಿಸುವವರೆಗೆ, ದಶಕಗಳಿಂದ ಎಲ್ಲ ಕೊಲೈಡರ್‌ಗಳಲ್ಲೂ ಅವು ಯಾರ ಕೈಗೂ ಸಿಗದೆ ದಾಟಿಹೋಗುತ್ತಿದ್ದವು.