ದೊಡ್ಡಪತ್ರೆಯ ಘಮ

ಬೆಳಗ್ಗೆ ದೊಡ್ಡಪತ್ರೆ ಚಿವುಟಿದ್ದು. ಸೋಪು ಹಾಕಿ ತೊಳೆದರೂ ಬೆರಳಿನ ಘಮ ಹೋಗಿಲ್ಲ.

ಆ ಎಲೆಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಮೈತುಂಬ ನವಿರು ರೋಮ. ಅದರ ನಡುವೆ ಎಣ್ಣೆ ತುಂಬಿದ ಪುಟ್ಟ ಪುಟ್ಟ ಗ್ರಂಥಿಗಳು. ಬೆರಳಲ್ಲಿ ಉಜ್ಜಿದರೆ ಸಾಕು, ಒಡೆದು ಘಮ್ಮೆನ್ನುತ್ತವೆ. ಕಾರ್ವಕ್ರಾಲ್, ಥೈಮಾಲ್ ಆ ಎಣ್ಣೆಯಲ್ಲಿರೋ ಮುಖ್ಯ ಅಂಶಗಳು. ಓಮದ ಕಾಳಿನ ಘಾಟೂ ಥೈಮಾಲ್‌ನದೇ, ಅದಕ್ಕೇ ಎರಡರ ವಾಸನೆ ಅಷ್ಟು ಹತ್ತಿರ.

ಗಿಡ ಇದನ್ನು ನಮಗಾಗಿ ಮಾಡಿಕೊಂಡಿದ್ದಲ್ಲ. ಹುಳ, ಬೂಷ್ಟು, ಬ್ಯಾಕ್ಟೀರಿಯಾಗಳಿಂದ ತಾನು ಉಳೀಬೇಕಲ್ಲ! ಈ ಅಣುಗಳು ಬ್ಯಾಕ್ಟೀರಿಯಾದ ಪೊರೆಗೆ ನುಗ್ಗಿ ಅದು ಸೋರುವಂತೆ ಮಾಡುತ್ತವೆ. ಆಂಟಿಆಕ್ಸಿಡೆಂಟ್ ಗುಣವೂ ಇವಕ್ಕೇ ಇದೆ. ತಮ್ಮದೊಂದು ಹೈಡ್ರೋಜನ್ ಬಿಟ್ಟುಕೊಟ್ಟು, ಸಿಕ್ಕಿದ್ದನ್ನೆಲ್ಲ ಕೆಡಿಸುವ ಫ್ರೀ ರ‍್ಯಾಡಿಕಲ್‌ಗಳನ್ನು ತಣ್ಣಗಾಗಿಸುತ್ತವೆ.

ಪ್ರಯೋಗಾಲಯದ ತಟ್ಟೆಯಲ್ಲಿ ಆಗೋದೆಲ್ಲ ಮೈಯೊಳಗೂ ಹಾಗೇ ಆಗುತ್ತೆ ಅಂತ ನಾನು ಹೇಳಲ್ಲ. ಜ್ವರ ಬಿಡದಿದ್ದರೆ ಡಾಕ್ಟರ ಹತ್ತಿರವೇ ಹೋಗಬೇಕು. ಆದರೆ ಶೀತ ಅಂದ ಕೂಡಲೇ ಎಲೆ ಬಾಡಿಸಿ ರಸ ಹಿಂಡುತ್ತಿದ್ದ ನಮ್ಮಜ್ಜಿ ಮೇಲೆ ಗೌರವ ಇನ್ನೂ ಹೆಚ್ಚಾಯ್ತು.

ತಂಬುಳಿ ಮಾಡೋರು ತುಪ್ಪದಲ್ಲಿ ಎಲೆಯನ್ನು ತುಂಬಾ ಹೊತ್ತು ಹುರೀಬೇಡಿ. ಆ ಎಣ್ಣೆ ಬಿಸಿಗೆ ಹಾರಿಹೋಗುತ್ತೆ.