ತಂತಿಗೆ ಹಿಡಿಯದ ಲೇಪ

ಹನ್ನೊಂದನೆಯ ತಂತಿಯನ್ನು ಗ್ಯಾಸ್ ಕ್ರೊಮ್ಯಾಟೋಗ್ರಾಫಿನ (ಮಿಶ್ರಣದ ಪದಾರ್ಥಗಳನ್ನು ಬೇರ್ಪಡಿಸಿ ತೋರಿಸುವ ಯಂತ್ರದ) ಬಿಸಿ ಪ್ರವೇಶದ್ವಾರವಾದ ಇಂಜೆಕ್ಟರಿನಿಂದ ಹೊರಗೆಳೆದಾಗ, ಅದರ ತುದಿಯ ಒಂದು ಸೆಂಟಿಮೀಟರಿನ ಮೇಲೆ ನಾನು ಏರಿಸಿದ್ದ ಪಾಲಿಅನಿಲಿನ್ ಎಂಬ ಪಾಲಿಮರಿನ ಲೇಪದಲ್ಲಿ ಅರ್ಧ ಉದುರಿಹೋಗಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉಳಿದ ಅರ್ಧವೂ ಬತ್ತಿದ ಕೆರೆಯಂಗಳದಂತೆ ಬಿರಿದು, ಅದರ ಅಂಚುಗಳು ಮೇಲಕ್ಕೆದ್ದಿದ್ದವು. ಬಿರುಕುಗಳ ನಡುವೆ ಸ್ಟೇನ್‌ಲೆಸ್ ಸ್ಟೀಲ್ ಕನ್ನಡಿಯಂತೆ ಹೊಳೆಯುತ್ತಿತ್ತು.

ಕುಡಿಯುವ ನೀರಿನಲ್ಲಿ ಬೆಂಜೋಪೈರೀನ್ ಎಂಬ ಮಾಲಿನ್ಯಕಾರಕ ಲೀಟರಿಗೆ 0.7 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಷ್ಟು ಅಲ್ಪ ಪ್ರಮಾಣವನ್ನು ಅಳೆಯಬೇಕಾದರೆ ಅದನ್ನು ಮೊದಲು ಒಂದೆಡೆ ಕೂಡಿಹಾಕಿಕೊಳ್ಳಬೇಕು. ಅದಕ್ಕಾಗಿ ಲೇಪವಿರುವ ಸಣ್ಣ ಎಳೆಯನ್ನು ನೀರಿನಲ್ಲಿ ಅದ್ದಿ, ಅದು ಹೀರಿಕೊಂಡದ್ದನ್ನು ಇಂಜೆಕ್ಟರಿನ ಬಿಸಿಯಲ್ಲಿ ನೇರವಾಗಿ ಬಿಡಿಸಿಕೊಳ್ಳುವ ವಿಧಾನವನ್ನು ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಯಾನುಷ್ ಪಾವ್ಲಿಷಿನ್ ರೂಪಿಸಿದರು. 1990ರಲ್ಲಿ ಅದು ಪ್ರಕಟವಾಯಿತು. ಆ ಎಳೆ ಸಿಲಿಕಾದ್ದು, ಕೈತಪ್ಪಿದರೆ ಮುರಿಯುವಂಥದ್ದು. ಮುರಿಯದ ಲೋಹದ ತಂತಿಗೆ ಲೇಪ ಹಿಡಿಸುವುದು ನಮ್ಮ ಕೆಲಸವಾಗಿತ್ತು.

ನಾನು ವಿದ್ಯುತ್ ಹರಿಸಿ ಲೇಪ ಬೆಳೆಸುವ ದ್ರಾವಣದಲ್ಲಿ ಅನಿಲಿನ್‌ನ ಸಾಂದ್ರತೆ, ವೋಲ್ಟೇಜಿನ ಮಿತಿ, ಅದನ್ನು ಏರಿಳಿಸುವ ಸುತ್ತುಗಳ ಸಂಖ್ಯೆ ಎಂದು ಲೇಪದ ಲೆಕ್ಕವನ್ನೇ ಮತ್ತೆ ಮತ್ತೆ ತಿದ್ದುತ್ತಿದ್ದೆ. ಮಾರ್ಗದರ್ಶಕಿ ಸೂಕ್ಷ್ಮದರ್ಶಕದ ಚಿತ್ರವನ್ನು ಬಹಳ ಹೊತ್ತು ನೋಡಿ, "ಲೇಪದ ವಿಷಯ ಆಮೇಲೆ. ತಂತಿಯನ್ನು ಹೇಗೆ ಸಿದ್ಧಮಾಡಿದಿರಿ, ಅದನ್ನು ಹೇಳಿ" ಎಂದರು. ಅಸಿಟೋನಿನಲ್ಲಿ ತೊಳೆದೆ ಎಂದೆ; ಅದಕ್ಕಿಂತ ಹೆಚ್ಚಾಗಿ ಹೇಳಲು ಏನೂ ಇರಲಿಲ್ಲ. ಸ್ಟೀಲಿಗೆ ತುಕ್ಕು ಹಿಡಿಯದಂತೆ ಕಾಯುವ ಕ್ರೋಮಿಯಂ ಆಕ್ಸೈಡಿನ ನುಣುಪು ಪೊರೆಯಲ್ಲಿ ಲೇಪಕ್ಕೆ ಕಚ್ಚಿಕೊಳ್ಳಲು ಎಡೆಯೇ ಇರಲಿಲ್ಲ. ಅದರ ಮೇಲೆ ನಾನು ತಂತಿಯನ್ನು ಒಮ್ಮೆಲೇ 250 ಡಿಗ್ರಿಗೆ ಒಡ್ಡಿದ್ದೆ: ನೀರಿನಂಶ ಕಳೆದುಕೊಂಡ ಲೇಪ ಕುಗ್ಗಿತ್ತು, ಕಾದ ಸ್ಟೀಲ್ ಹಿಗ್ಗಿತ್ತು.

ಮರುದಿನ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ತಂತಿಯ ಮೈ ಕೊರೆಸಿದೆವು. ಚರ್ಮದ ಮೂಲಕ ಒಳಗಿಳಿದು ರಕ್ತದ ಕ್ಯಾಲ್ಸಿಯಂ ಅನ್ನೇ ಕಸಿಯುವ ಆಮ್ಲವದು. ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಕೈಗೆಟುಕುವಲ್ಲಿ ಇಲ್ಲದೆ ಅದರ ಮುಚ್ಚಳ ತೆಗೆಯಬಾರದೆಂದು ಈಗಲೂ ಕಿರಿಯರಿಗೆ ಗಟ್ಟಿಯಾಗಿ ಹೇಳುತ್ತೇನೆ. ಹೊರಬಂದ ತಂತಿ ಹೊಳಪು ಕಳೆದುಕೊಂಡು ಬೂದುಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಕೂತ ಕಡುಹಸಿರು ಲೇಪವನ್ನು ನೈಟ್ರೋಜನ್ ಹರಿವಿನಲ್ಲಿ ಹಂತಹಂತವಾಗಿ, ಪ್ರತಿ ಹಂತದಲ್ಲೂ ಕಾಯುತ್ತಾ ಬಿಸಿಮಾಡಿದೆ.

ಹೀಗೆ ಉಳಿದ ಹನ್ನೆರಡನೆಯ ತಂತಿಯನ್ನು ಮೊದಲು ಏನೂ ಬೆರೆಸದ ಶುದ್ಧ ನೀರಿನಲ್ಲಿ ಪರೀಕ್ಷಿಸಿದೆ, ಏಕೆಂದರೆ ಲೇಪದಿಂದಲೇ ಹೊರಡುವ ಚೂರುಪಾರು ಪದಾರ್ಥವನ್ನು ಮಾಲಿನ್ಯವೆಂದು ಓದಿಬಿಡುವುದು ಈ ಕೆಲಸದಲ್ಲಿ ಅತ್ಯಂತ ಸುಲಭದ ತಪ್ಪು. ಎರಡು ಬಾರಿ ಪರದೆಯ ರೇಖೆಯಲ್ಲಿ, ಯಾವುದೋ ಪದಾರ್ಥವಿದೆಯೆಂದು ಸೂಚಿಸುವ ಅಪರಿಚಿತ ಶಿಖರಗಳು ಬಂದವು, ಮತ್ತೆ ಕಾಯಿಸಿದೆ. ಮೂರನೆಯ ಬಾರಿ ರೇಖೆ ಸಮತಟ್ಟಾಯಿತು. ಅನಂತರವೇ ಲೀಟರಿಗೆ 1 ಮೈಕ್ರೋಗ್ರಾಂನಂತೆ ಬೆಂಜೋಪೈರೀನ್‌ನ ಗುಂಪಿಗೇ ಸೇರಿದ ಮಾಲಿನ್ಯಕಾರಕಗಳನ್ನು ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ಅದ್ದಿಟ್ಟು ಇಂಜೆಕ್ಟರಿಗೆ ಇಳಿಸಿದೆ. ಮೊದಲು ನ್ಯಾಫ್ತಲೀನ್, ಬಳಿಕ ಫ್ಲೂರೀನ್, ಫಿನಾಂತ್ರೀನ್, ಬಹಳ ಹೊತ್ತಿನ ಮೇಲೆ ಪೈರೀನ್ ಒಂದೊಂದಾಗಿ ಪರದೆಯ ಮೇಲೆ ಎದ್ದವು. ತಂತಿಯನ್ನು ಹೊರತೆಗೆದು ಮತ್ತೆ ಸೂಕ್ಷ್ಮದರ್ಶಕದಡಿ ಇಟ್ಟೆ. ಲೇಪ ಎಲ್ಲೂ ಬಿರಿದಿರಲಿಲ್ಲ.